ಒಂದೇ ಮನೆತನದ ವೈನರಿಯಿಂದ ಅಲ್ಸಾಸ್ ಪ್ರಾಂತ್ಯವನ್ನು ಅರಿಯುವ ಬಗೆ

ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಅಲ್ಸಾಸ್ ಪ್ರಾಂತ್ಯಕ್ಕೆ ಒಂದು ದಿನದ ಮಟ್ಟಿಗೆ ಹೋಗಿ, ಬೆಳಗಿನಿಂದ ಸಂಜೆಯೊಳಗೆ ಐದಾರು ವೈನರಿಗಳನ್ನು ಹೊಕ್ಕು ಹೊರಟು, ಇಪ್ಪತ್ತು ಬಗೆಯ ವೈನನ್ನು ನಾಲಿಗೆಗೆ ಸೋಕಿಸಿಕೊಂಡು ಬಂದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಊರುಗಳು ಚಿತ್ರದ ಹಾಗಿವೆ, ವೈನ್ ಮಾತ್ರ ಯಾವುದು ಹೇಗಿತ್ತೆಂದು ನೆನಪಿಲ್ಲ. ಮೊದಲ ಸಲ ಹೋದಾಗ ನನ್ನ ಪಾಡೂ ಇದೇ ಆಗಿತ್ತು. ಎರಡನೆಯ ಸಲ ಹೋದಾಗ ಒಂದೇ ಕುಟುಂಬದ ಒಂದೇ ವೈನರಿಗೆ ಅರ್ಧ ದಿನ ಕೊಟ್ಟೆ. ಅವರ ತೋಟದಲ್ಲಿ ನಡೆದು, ಅವರ ನೆಲಮಾಳಿಗೆಗೆ ಇಳಿದು, ಒಂದೇ ತಳಿಯ ದ್ರಾಕ್ಷಿಯಿಂದ ಎರಡು ಬೇರೆ ಇಳಿಜಾರುಗಳಲ್ಲಿ ಬಂದ ಎರಡು ವೈನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಡಿದೆ. ಪ್ರಾಂತ್ಯದ ಗುಣವೆಂಬುದು ಏನೆಂದು ಆಗ ತುಸು ಹಿಡಿತಕ್ಕೆ ಸಿಕ್ಕಿತು. ಹಾಗೆ ನೋಡಲು ಬಯಸುವವರು ಏನೇನು ತಿಳಿದುಕೊಂಡು ಹೋಗಬೇಕು, ಅಲ್ಲಿ ಏನು ಕೇಳಬೇಕು, ಯಾವ ತಪ್ಪು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬೆಟ್ಟ, ಆಮೇಲೆ ಬಾಟಲಿ

ಹೊರಡುವ ಮುನ್ನ ಒಂದು ಗಂಟೆ ಭೂಪಟದ ಮುಂದೆ ಕುಳಿತುಕೊಳ್ಳಿ. ಪಶ್ಚಿಮಕ್ಕೆ ವೋಜ್ ಪರ್ವತಸಾಲು, ಪೂರ್ವಕ್ಕೆ ರೈನ್ ನದಿ, ನದಿಯಾಚೆ ಜರ್ಮನಿ. ಬೆಟ್ಟದ ಬುಡಕ್ಕೂ ನದಿಯ ಬಯಲಿಗೂ ನಡುವೆ, ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ಟಾನ್‌ವರೆಗೆ, ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಾಗಿ ದ್ರಾಕ್ಷಿ ತೋಟಗಳು ಹಬ್ಬಿವೆ. 1953ರಲ್ಲಿ ಆರಂಭವಾದ, ಸುಮಾರು 170 ಕಿಲೋಮೀಟರ್ ಉದ್ದದ ‘ವೈನ್ ಹಾದಿ’ ಈ ಪಟ್ಟಿಯ ಊರುಗಳನ್ನೆಲ್ಲ ಹೂವಿನ ಹಾಗೆ ಪೋಣಿಸುತ್ತದೆ.

ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ವೋಜ್‌ನ ಪಶ್ಚಿಮ ಮಗ್ಗುಲಲ್ಲೇ ಮಳೆ ಸುರಿಸಿ ಬರಿದಾಗುತ್ತವೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಿರುವಾಗ ಚಳ್ಳಕೆರೆಯಲ್ಲಿ ಮುಗಿಲು ನೋಡುತ್ತ ಕೂರುವ ರೈತನನ್ನು ಬಲ್ಲ ನಮಗೆ ಮಳೆ ನೆರಳು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸಹ್ಯಾದ್ರಿ ಮಾಡುವ ಕೆಲಸವನ್ನು ಅಲ್ಲಿ ವೋಜ್ ಮಾಡುತ್ತದೆ. ಅದರ ಅತಿ ಎತ್ತರದ ಶಿಖರ 1424 ಮೀಟರ್, ಅಂದರೆ ನಮ್ಮ ನಂದಿ ಬೆಟ್ಟಕ್ಕಿಂತ ತುಸು ಕಡಿಮೆ. ಅಷ್ಟು ಎತ್ತರವೇ ಸಾಕಾಗಿ, ಬೆಟ್ಟದ ಪೂರ್ವಕ್ಕಿರುವ ಕೊಲ್ಮಾರ್ ಪಟ್ಟಣ ಇಡೀ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆಯ ಪಟ್ಟಣಗಳಲ್ಲಿ ಒಂದಾಗಿದೆ. ಇಷ್ಟು ಉತ್ತರದ ಚಳಿ ಸೀಮೆಯಲ್ಲಿ ದ್ರಾಕ್ಷಿ ಚೆನ್ನಾಗಿ ಮಾಗುವುದಕ್ಕೆ, ಕೊಯ್ಲಿನ ಕಾಲವಾದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗೊಂಚಲುಗಳು ಕೊಳೆಯದೆ ಬಳ್ಳಿಯಲ್ಲೇ ನಿಲ್ಲುವುದಕ್ಕೆ ಈ ಒಣ ಹವೆಯೇ ಕಾರಣ. ವೈನಿನಲ್ಲಿ ಮಾಗಿದ ಹಣ್ಣಿನ ತುಂಬು ರುಚಿಯೂ ಚಳಿ ನಾಡಿನ ಚೂಪು ಹುಳಿಯೂ ಒಟ್ಟಿಗೆ ಸಿಗುವುದು ಇಲ್ಲಿಂದಲೇ.

ನೆಲದ ಕಥೆ ಇನ್ನೂ ಸ್ವಾರಸ್ಯದ್ದು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಭೂಮಿ ಬಿರಿದು ನಡುಭಾಗ ಕುಸಿದು ರೈನ್ ಕಣಿವೆ ಆಯಿತು. ಕುಸಿತದ ಅಂಚಿನಲ್ಲಿ ಬೇರೆ ಬೇರೆ ಕಾಲದ ಪದರಗಳು ತುಂಡುತುಂಡಾಗಿ, ಅಡಿಮೇಲಾಗಿ ಉಳಿದವು. ಹಾಗಾಗಿ ಒಂದೇ ಹಳ್ಳಿಯ ಎಲ್ಲೆಯೊಳಗೆ ಗ್ರಾನೈಟ್ ಪುಡಿಯ ಮಣ್ಣು, ಸುಣ್ಣಕಲ್ಲು, ಜೇಡಿ ಬೆರೆತ ಸುಣ್ಣಮಣ್ಣು, ಗುಲಾಬಿ ಬಣ್ಣದ ಮರಳುಗಲ್ಲು ಎಲ್ಲವೂ ಸಿಗುತ್ತವೆ. ದಕ್ಷಿಣದ ತುದಿಯ ಟಾನ್ ಊರಿನ ರಾಂಗನ್ ಎಂಬ ತೀರಾ ಕಡಿದಾದ ಇಳಿಜಾರಿನಲ್ಲಂತೂ ಜ್ವಾಲಾಮುಖಿಯ ಕಲ್ಲೇ ಇದೆ. ಬದು ದಾಟಿದರೆ ಮಣ್ಣು ಬೇರೆ ಎನ್ನುವ ಈ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಬೇಕು. ಮುಂದೆ ಕೇಳಬೇಕಾದ ಪ್ರಶ್ನೆಗಳೆಲ್ಲ ಇದರ ಸುತ್ತಲೇ ಇರುತ್ತವೆ.

ಮನೆತನದ ಹೆಸರೋ, ಹೊಲದ ಹೆಸರೋ

ಮಟ್ಟುಗುಳ್ಳ ಎಂದರೆ ಮಟ್ಟು ಊರಿನ ಗದ್ದೆಯದ್ದೇ ಆಗಿರಬೇಕು, ರಸಬಾಳೆ ಎಂದರೆ ನಂಜನಗೂಡಿನ ಸೀಮೆಯದ್ದೇ ಆಗಿರಬೇಕು ಎನ್ನುತ್ತೇವಲ್ಲ, ಫ್ರಾನ್ಸಿನ ವೈನ್ ಕಾನೂನಿನ ಬೇರು ಇರುವುದು ಅದೇ ನಂಬಿಕೆಯಲ್ಲಿ: ರುಚಿ ಹುಟ್ಟುವುದು ನೆಲದಲ್ಲಿ, ಆದ್ದರಿಂದ ಹೆಸರೂ ನೆಲದ್ದೇ ಆಗಿರಬೇಕು. ಆದರೆ ಅಲ್ಸಾಸಿನಲ್ಲಿ ಈ ನಂಬಿಕೆಗೆ ಒಂದು ತಕರಾರಿದೆ. ಅದನ್ನು ತಿಳಿಯದೆ ಅಲ್ಲಿಯ ಯಾವುದೇ ಕುಟುಂಬದ ವೈನರಿಗೆ ಹೋದರೂ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ.

ಮೂವತ್ತು ವರ್ಷಗಳ ಯುದ್ಧ ಮುಗಿದ 1648ರಿಂದ ಹಂತ ಹಂತವಾಗಿ ಈ ಪ್ರಾಂತ್ಯ ಫ್ರಾನ್ಸಿನ ದೊರೆಯ ಕೈಸೇರಿತು. 1871ರಲ್ಲಿ ಜರ್ಮನಿ ಅದನ್ನು ಕಿತ್ತುಕೊಂಡಿತು. 1918ರಲ್ಲಿ ಅದು ಫ್ರಾನ್ಸಿಗೆ ಮರಳಿತು, 1940ರಲ್ಲಿ ಹಿಟ್ಲರನ ಜರ್ಮನಿಯ ಪಾಲಾಯಿತು, ಎರಡನೆಯ ಮಹಾಯುದ್ಧದ ಕೊನೆಗೆ ಮತ್ತೆ ಫ್ರಾನ್ಸಿನದಾಯಿತು. 1871ಕ್ಕೆ ಮೊದಲು ಹುಟ್ಟಿ 1945ರವರೆಗೆ ಬದುಕಿದ್ದ ಅಜ್ಜಿಯೊಬ್ಬಳು ತನ್ನ ಮನೆಯ ಹೊಸಿಲು ದಾಟದೆ ನಾಲ್ಕು ಸಲ ದೇಶ ಬದಲಿಸಿದ್ದಾಳೆ. ಸರ್ಕಾರ, ನಾಣ್ಯ, ಶಾಲೆಯ ಭಾಷೆ, ವೈನಿನ ಮಾರುಕಟ್ಟೆ ಎಲ್ಲವೂ ಕದಲುತ್ತಿದ್ದಾಗ ಕದಲದೆ ಉಳಿದದ್ದು ಮನೆತನ. ಬೋರ್ಡೋ, ಬರ್ಗಂಡಿಗಳಂಥ ಪ್ರಾಂತ್ಯಗಳು ತಮ್ಮ ನೆಲದ ಹೆಸರಿಗೆ 1930ರ ದಶಕದಲ್ಲೇ ಪಡೆದ ಕಾನೂನಿನ ಮನ್ನಣೆ ಅಲ್ಸಾಸಿಗೆ ಸಿಕ್ಕಿದ್ದು 1962ರಲ್ಲಿ. ಹೊಲಗಳನ್ನು ‘ಗ್ರಾಂ ಕ್ರೂ’ ಎಂದು ಮೇಲುದರ್ಜೆಗೆ ಏರಿಸುವ ಪದ್ಧತಿ ಬಂದದ್ದು 1975ರಲ್ಲಿ. ಅಲ್ಲಿಯವರೆಗೆ ಕೊಳ್ಳುವವನಿಗೆ ಭರವಸೆ ಕೊಡುತ್ತಿದ್ದದ್ದು ಬಾಟಲಿಯ ಮೇಲಿನ ಮನೆಯ ಹೆಸರೊಂದೇ.

ಹೀಗೆ ಬೆಳೆದ ಮನೆಗಳಲ್ಲಿ ಎರಡನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಟ್ರಿಂಬಾಕ್ ಕುಟುಂಬ 1626ರಿಂದ ಈ ಕಸುಬಿನಲ್ಲಿದೆ, ಈಗ ರಿಬೋವಿಲೆ ಊರಿನಲ್ಲಿ ನೆಲೆಸಿದೆ. ಹ್ಯೂಗೆಲ್ ಕುಟುಂಬ 1639ರಿಂದ ರಿಕ್‌ವೀರ್ ಊರಿನಲ್ಲಿದೆ. ಎರಡು ಊರುಗಳ ನಡುವೆ ತೋಟಗಳ ಮಧ್ಯದಲ್ಲೇ ಹಾದುಹೋಗುವ ದಾರಿಯನ್ನು ನಡೆದೇ ಮುಗಿಸಬಹುದು. ಟ್ರಿಂಬಾಕರ ಅತ್ಯಂತ ಹೆಸರುವಾಸಿ ವೈನ್ ಆದ ‘ಕ್ಲೋ ಸಾಂತ್ ಉನ್’ ಬರುವುದು ಉನಾವೀರ್ ಹಳ್ಳಿಯ 1.67 ಹೆಕ್ಟೇರಿನ ಒಂದು ತುಂಡು ನೆಲದಿಂದ. ಆ ತುಂಡು ರೊಸಾಕರ್ ಎಂಬ ಗ್ರಾಂ ಕ್ರೂ ಹೊಲದ ಒಳಗೇ ಇದೆ, ಆದರೂ ಬಾಟಲಿಯ ಮೇಲೆ ಗ್ರಾಂ ಕ್ರೂ ಎಂಬ ಪದವನ್ನು ಅವರು ಹಾಕಿಸದೇ ಬಂದರು. ಹ್ಯೂಗೆಲರೂ ಬಹುಕಾಲ ಹಾಗೆಯೇ ನಡೆದುಕೊಂಡರು. ಒಟ್ಟು 51 ಹೊಲಗಳಿಗೆ ಈ ಪದವಿ ಸಿಕ್ಕಿದೆ. ಗಡಿ ಗುರುತಿಸುವಾಗ ಒಳ್ಳೆಯ ಇಳಿಜಾರಿನ ಜೊತೆಗೆ ಸಾಧಾರಣ ನೆಲವನ್ನೂ ಒಳಗೆ ಸೇರಿಸಿಕೊಂಡರು, ಹಾಗಿರುವಾಗ ನಮ್ಮ ಹೆಸರಿಗಿಂತ ಆ ಪದ ಹೇಗೆ ದೊಡ್ಡದಾದೀತು ಎಂಬುದು ಹಳೆಯ ಮನೆಗಳ ವಾದವಾಗಿತ್ತು.

ಎದುರು ಪಕ್ಷದವರೂ ಅಷ್ಟೇ ಗಟ್ಟಿಗರು. ಟುರ್ಕೈಮ್‌ನ ಜಿಂಡ್-ಉಂಬ್ರೆಕ್ಟ್ ಮನೆಯವರು ಪ್ರತಿ ಹೊಲದ ವೈನನ್ನೂ ಪ್ರತ್ಯೇಕವಾಗಿ ಇಳಿಸಿ ಹೊಲದ ಹೆಸರಿನಲ್ಲೇ ಮಾರುತ್ತಾರೆ. ಬರ್ಗೈಮ್‌ನ ಮಾರ್ಸೆಲ್ ಡೈಸ್ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಹೊಲದಲ್ಲಿ ಹಲವು ತಳಿಗಳನ್ನು ಬೆರೆಸಿ ನೆಟ್ಟು, ಒಟ್ಟಿಗೇ ಕೊಯ್ದು, ತಳಿಯ ಹೆಸರನ್ನೇ ಬಿಟ್ಟು ನೆಲದ ಹೆಸರನ್ನಷ್ಟೇ ಉಳಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೊಸಬರಿಗೆ ಹಳೆಯ ಮನೆಗಳ ದಾರಿ ಸುಲಭ, ಹೊಲದ ಪಕ್ಷದವರ ದಾರಿ ರುಚಿಕರ. ನೀವು ಹೋಗುವ ಮನೆ ಯಾವ ಪಕ್ಷದ್ದು ಎಂದು ಮೊದಲೇ ತಿಳಿದಿದ್ದರೆ ಮಾತು ಬೇಗ ಕುದುರುತ್ತದೆ.

ಲೇಬಲ್ ಓದುವುದು

ಫ್ರಾನ್ಸಿನ ಹೆಚ್ಚಿನ ಪ್ರಾಂತ್ಯಗಳ ಲೇಬಲ್ಲಿನಲ್ಲಿ ಊರಿನ ಹೆಸರು ಇರುತ್ತದೆಯೇ ಹೊರತು ದ್ರಾಕ್ಷಿಯ ಹೆಸರು ಇರುವುದಿಲ್ಲ. ಅಲ್ಸಾಸ್ ಬಾಟಲಿಯಲ್ಲಿ ಮಾತ್ರ ತಳಿಯ ಹೆಸರೇ ದೊಡ್ಡಕ್ಷರದಲ್ಲಿ ಕಾಣುತ್ತದೆ: ರೀಸ್ಲಿಂಗ್, ಗೆವುರ್ಜ್‌ಟ್ರಾಮಿನರ್, ಪಿನೋ ಗ್ರಿ, ಮಸ್ಕಾ, ಪಿನೋ ಬ್ಲಾಂ, ಸಿಲ್ವಾನೆರ್, ಮತ್ತು ಕೆಂಪು ವೈನಿಗೆ ಪಿನೋ ನ್ವಾರ್. ಇವುಗಳಲ್ಲಿ ಮೊದಲ ನಾಲ್ಕನ್ನು ಗ್ರಾಂ ಕ್ರೂ ಹೊಲಗಳಿಗೆ ತಕ್ಕ ‘ಕುಲೀನ’ ತಳಿಗಳೆಂದು ಎಣಿಸಲಾಗಿದೆ. ಕೆಲವು ಹೊಲಗಳಿಗೆ ಮಾತ್ರ ವಿನಾಯಿತಿ ಇದೆ. ಬಾಟಲಿಯೂ ಬೇರೆ ತೆರನಾದದ್ದು. ಭುಜವೇ ಇಲ್ಲದಂತೆ ಎತ್ತರಕ್ಕೆ ನೀಳವಾಗಿ ಸಾಗುವ ಆ ಬಾಟಲಿಯನ್ನು ಕೊಳಲೆಂದೇ ಕರೆಯುತ್ತಾರೆ. 1972ರಿಂದ ಅಲ್ಸಾಸ್ ವೈನನ್ನು ಪ್ರಾಂತ್ಯದೊಳಗೇ ಬಾಟಲಿಗೆ ತುಂಬಬೇಕೆಂಬ ನಿಯಮವಿದೆ.

ಲೇಬಲ್ಲಿನಲ್ಲಿ ಹುಡುಕಬೇಕಾದ ಇನ್ನೊಂದು ಸಂಗತಿ ಸಿಹಿಯ ಅಳತೆ. ಬಹಳ ವರ್ಷ ಅಲ್ಸಾಸಿಗೆ ಕೆಟ್ಟ ಹೆಸರು ತಂದದ್ದು ಇದೇ: ಬಾಟಲಿ ತೆರೆಯುವವರೆಗೆ ವೈನ್ ಸಪ್ಪೆಯೋ ಸಿಹಿಯೋ ಗೊತ್ತಾಗುತ್ತಿರಲಿಲ್ಲ. ಒಂದು ಮನೆಯ ರೀಸ್ಲಿಂಗ್ ನಿಂಬೆಹಣ್ಣಿನ ಹಾಗೆ, ಪಕ್ಕದ ಮನೆಯದ್ದು ಪಾನಕದ ಹಾಗೆ. 2021ರ ಕೊಯ್ಲಿನಿಂದೀಚೆಗೆ ಸಾದಾ ವೈನುಗಳ ಮೇಲೆ ಈ ಅಳತೆಯನ್ನು ನಮೂದಿಸುವುದು ಕಡ್ಡಾಯವಾಗಿದೆ. ‘ಸೆಕ್’ ಎಂದರೆ ಸಿಹಿ ಇಲ್ಲದ್ದು, ‘ದೆಮಿ-ಸೆಕ್’ ಎಂದರೆ ತುಸು ಸಿಹಿ ಉಳಿದದ್ದು, ‘ಮ್ವಾಲ್ಯೋ’ ಎಂದರೆ ಸ್ಪಷ್ಟವಾಗಿ ಸಿಹಿ, ‘ದೂ’ ಎಂದರೆ ಪೂರ್ತಿ ಸಿಹಿ. ಟ್ರಿಂಬಾಕ್‌ನಂಥ ಮನೆಗಳು ಮೊದಲಿನಿಂದಲೂ ಸಿಹಿ ಇಲ್ಲದ, ಬಿಗಿಯಾದ ವೈನಿಗೇ ಹೆಸರಾಗಿದ್ದವು. ಅಲ್ಲಿ ಮನೆಯ ಹೆಸರೇ ಈ ಪದದ ಕೆಲಸ ಮಾಡುತ್ತಿತ್ತು.

ಉದ್ದೇಶಪೂರ್ವಕವಾಗಿ ಸಿಹಿ ಮಾಡಿದವು ಬೇರೆ ಇವೆ. ‘ವಾಂದಾಂಜ್ ತಾರ್ದೀವ್’ ಎಂದರೆ ತಡವಾದ ಕೊಯ್ಲು, ಬಳ್ಳಿಯಲ್ಲೇ ಹೆಚ್ಚು ಕಾಲ ಉಳಿದು ಸಕ್ಕರೆ ಗಟ್ಟಿಯಾದ ಹಣ್ಣು. ‘ಸೆಲೆಕ್ಷಿಯೋಂ ದ ಗ್ರಾಂ ನೋಬ್ಲ್’ ಎಂದರೆ ಒಂದು ಬಗೆಯ ಒಳ್ಳೆಯ ಬೂಷ್ಟು ತಗುಲಿ ಒಣದ್ರಾಕ್ಷಿಯ ಹಾಗೆ ಮುದುಡಿದ ಕಾಳುಗಳನ್ನು ಆರಿಸಿ ತೆಗೆದದ್ದು. ಇವೆರಡರ ಕಾನೂನು 1984ರಲ್ಲಿ ಬಂತು. ಅದರ ಹಿಂದೆ ದುಡಿದವರು ಹ್ಯೂಗೆಲ್ ಮನೆಯ ಜಾಂ ಹ್ಯೂಗೆಲ್. ನೊರೆಯೇಳುವ ವೈನಿಗೆ ಇಲ್ಲಿ ‘ಕ್ರೆಮಾ’ ಎನ್ನುತ್ತಾರೆ.

ಮನೆ ಆರಿಸಿ, ಮೊದಲೇ ತಿಳಿಸಿ

ಕುಟುಂಬದ ವೈನರಿ ಎಂಬ ಫಲಕ ಎಲ್ಲೆಡೆ ಕಾಣುತ್ತದೆ, ಆದರೆ ಎಲ್ಲವೂ ಒಂದೇ ಬಗೆಯವಲ್ಲ. ತಮ್ಮದೇ ತೋಟದ ಹಣ್ಣಿನಿಂದಷ್ಟೇ ವೈನ್ ಮಾಡುವವರು ಕೆಲವರು. ತಮ್ಮ ತೋಟದ ಜೊತೆಗೆ ಅಕ್ಕಪಕ್ಕದ ಬೆಳೆಗಾರರಿಂದ ದ್ರಾಕ್ಷಿ ಕೊಂಡು ಮಾಡುವವರು ಇನ್ನು ಕೆಲವರು. ಟ್ರಿಂಬಾಕ್, ಹ್ಯೂಗೆಲ್‌ಗಳಂಥ ದೊಡ್ಡ ಮನೆಗಳು ಈ ಬಗೆಯವು. ಹಳ್ಳಿಯ ಸಣ್ಣ ಬೆಳೆಗಾರರು ಸೇರಿ ಕಟ್ಟಿಕೊಂಡ ಸಹಕಾರ ಸಂಘಗಳೂ ಇವೆ. ರಿಬೋವಿಲೆಯ ಸಂಘ 1895ರದ್ದು. ಕೊಂಡ ಹಣ್ಣಿನ ವೈನ್ ಕೀಳು ಎಂದೇನಲ್ಲ, ಆದರೆ ನೆಲವನ್ನು ಅರಿಯುವುದು ನಿಮ್ಮ ಉದ್ದೇಶವಾದರೆ ತೋಟವೂ ನೆಲಮಾಳಿಗೆಯೂ ಒಂದೇ ಕೈಯಲ್ಲಿರುವ ಮನೆ ಮೇಲು. ಬಾಟಲಿಯ ಮುಚ್ಚಳದ ಮೇಲೆ ಅಥವಾ ಬಾಗಿಲ ಬಳಿ ಪೀಪಾಯಿ ಹೊತ್ತು ನಡೆಯುವ ಮನುಷ್ಯನ ಚಿತ್ರ ಕಂಡರೆ ಅದು ಸ್ವತಂತ್ರ ಬೆಳೆಗಾರರ ಗುರುತು.

ಸ್ಟ್ರಾಸ್‌ಬರ್ಗ್‌ನಿಂದ ಕೊಲ್ಮಾರಿಗೆ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಕೊಲ್ಮಾರನ್ನು ತಂಗುದಾಣ ಮಾಡಿಕೊಂಡು ಅಲ್ಲಿಂದ ಬಸ್ಸು, ಬಾಡಿಗೆ ಸೈಕಲ್ಲು ಅಥವಾ ಟ್ಯಾಕ್ಸಿಯಲ್ಲಿ ಹಳ್ಳಿಗಳಿಗೆ ಹೋಗುವುದು ಅನುಕೂಲ. ಸ್ವತಃ ಕಾರು ಓಡಿಸುವವರು ಫ್ರಾನ್ಸಿನಲ್ಲಿ ರಕ್ತದ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ ಎಂಬುದನ್ನು ಮರೆಯಬಾರದು. ನಾಲ್ಕು ಗ್ಲಾಸು ನುಂಗಿದರೆ ಅದು ದಾಟಿಹೋಗುತ್ತದೆ. ಒಂದು ವಾರ ಮೊದಲೇ ಮಿಂಚಂಚೆ ಕಳಿಸಿ, ಎಷ್ಟು ಜನ, ಯಾವ ಭಾಷೆ, ತೋಟ ನೋಡುವ ಆಸೆ ಇದೆಯೇ ಎಂಬುದನ್ನು ಬರೆಯಿರಿ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟದ ಹೊತ್ತು, ಭಾನುವಾರ ಹಲವು ಮನೆಗಳಿಗೆ ರಜೆ. ಕೊಯ್ಲಿನ ದಿನಗಳಲ್ಲಿ ನೋಡಲು ಬಹಳವಿರುತ್ತದೆ, ಮಾತಾಡಲು ಮಾತ್ರ ಯಾರಿಗೂ ಬಿಡುವಿರುವುದಿಲ್ಲ; ಸುಗ್ಗಿಯ ಕಣಕ್ಕೆ ನೆಂಟರು ಬಂದ ಹಾಗೆ ಆಗುತ್ತದೆ. ಮೇ ಮತ್ತು ಜೂನ್ ತಿಂಗಳುಗಳು ಒಳ್ಳೆಯವು.

ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನಬೇಕು. ನಾವು ಅಂಗಡಿಗೆ ಹೋದರೆ ನೇರವಾಗಿ ಬೇಕಾದ್ದನ್ನು ಕೇಳುತ್ತೇವೆ. ಅಲ್ಲಿ ಅದು ಒರಟುತನ.

ಮೇಜಿನ ಮುಂದೆ

ನಾನು ಹೋಗಿದ್ದ ಮನೆ ಸಣ್ಣದು, ಹೆಸರು ಬೇಡ. ಹೆಬ್ಬಾಗಿಲು ದಾಟಿದರೆ ಕಲ್ಲುಹಾಸಿನ ಅಂಗಳ, ಅಂಗಳದಾಚೆ ಮರದ ಮೇಜಿನ ಒಂದು ಕೋಣೆ. ಮನೆಯ ಹಿರಿಯ ಹೆಂಗಸು ಹಸಿರು ಕಾಲಿನ ಸಣ್ಣ ಗ್ಲಾಸುಗಳನ್ನು ಜೋಡಿಸುತ್ತಿದ್ದರು; ಹಸಿರು ಕಾಲಿನ ಗ್ಲಾಸು ಅಲ್ಸಾಸಿನ ಹಳೆಯ ರೂಢಿ. ಮೇಜಿನ ತುದಿಯಲ್ಲಿ ಮುಷ್ಟಿ ಗಾತ್ರದ ಮೂರು ಕಲ್ಲುಗಳಿದ್ದವು. ಏನನ್ನು ರುಚಿ ನೋಡುತ್ತೀರಿ ಎಂದು ಅವರು ಕೇಳಿದಾಗ, ಜಾಣನೆನಿಸಿಕೊಳ್ಳುವ ಆತುರದಲ್ಲಿ ನಾನು ಗೆವುರ್ಜ್‌ಟ್ರಾಮಿನರ್ ಎಂದುಬಿಟ್ಟೆ. ಗುಲ್ಕನ್ನಿನ ಡಬ್ಬಿ ತೆರೆದ ಹಾಗೆ ಗುಲಾಬಿಯ ಘಮ, ಹಿಂದೆಯೇ ಲಿಚಿ ಹಣ್ಣು, ಕೊನೆಗೆ ಶುಂಠಿಯಂಥ ಒಂದು ಚುರುಕು. ಅದಾದ ಮೇಲೆ ಅವರು ಸುರಿದ ರೀಸ್ಲಿಂಗ್, ಜಾಮೂನು ತಿಂದು ಕುಡಿದ ಕಾಫಿಯಂತೆ, ಬರೀ ಹುಳಿನೀರಾಗಿ ಕಂಡಿತು. ಅವರು ನಕ್ಕು ಲೋಟದಲ್ಲಿ ನೀರು ಕೊಟ್ಟು, ಬ್ರೆಡ್ಡಿನ ತುಂಡು ಮುಂದಿಟ್ಟು, ಹತ್ತು ನಿಮಿಷ ಕಾಯಿಸಿದರು.

ಆದ್ದರಿಂದ ಕ್ರಮವನ್ನು ಬಿಡಬಾರದು. ಕ್ರೆಮಾ ಇದ್ದರೆ ಅದು ಮೊದಲು, ಆಮೇಲೆ ಸಿಲ್ವಾನೆರ್ ಅಥವಾ ಪಿನೋ ಬ್ಲಾಂ, ಆಮೇಲೆ ರೀಸ್ಲಿಂಗ್, ಅದಾದ ಮೇಲೆ ಪಿನೋ ಗ್ರಿ, ಕೊನೆಯಲ್ಲಿ ಗೆವುರ್ಜ್‌ಟ್ರಾಮಿನರ್, ಸಿಹಿ ವೈನುಗಳು ತೀರಾ ಕೊನೆಗೆ. ಪ್ರತಿ ಸಲವೂ ಮೊದಲು ಗ್ಲಾಸು ಅಲ್ಲಾಡಿಸದೆ ಮೂಸಿ ನೋಡಿ, ಆಮೇಲೆ ತಿರುಗಿಸಿ ಮತ್ತೊಮ್ಮೆ ಮೂಸಿ, ಒಂದು ಗುಟುಕನ್ನು ಬಾಯಿಯ ತುಂಬ ಆಡಿಸಿ. ನುಂಗಲೇಬೇಕೆಂದಿಲ್ಲ. ನಮ್ಮ ತಾತಂದಿರ ಪೀಕದಾನಿಯಂಥ ಒಂದು ಪಾತ್ರೆ ಮೇಜಿನ ಮೇಲೋ ಪಕ್ಕದಲ್ಲೋ ಇರುತ್ತದೆ. ಅದರಲ್ಲಿ ಉಗುಳಿದರೆ ಯಾರಿಗೂ ಅವಮಾನವಿಲ್ಲ, ಬದಲಿಗೆ ಕೆಲಸ ಬಲ್ಲವರೆಂದು ತಿಳಿಯುತ್ತಾರೆ.

ಪ್ರಾಂತ್ಯದ ಗುಣ ಹಿಡಿಯಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯವೆಂದರೆ, ಒಂದೇ ವರ್ಷದ, ಒಂದೇ ಮನೆಯ, ಎರಡು ಹೊಲಗಳ ರೀಸ್ಲಿಂಗನ್ನು ಒಟ್ಟಿಗೆ ಕೇಳುವುದು. ತಳಿ ಅದೇ, ಹವೆ ಅದೇ, ಕೈ ಅದೇ. ಬೇರೆಯಾಗಿ ಉಳಿಯುವುದು ನೆಲವೊಂದೇ. ಆ ಹಿರಿಯ ಹೆಂಗಸು ಎಡಗಡೆಯ ಗ್ಲಾಸಿನ ಮುಂದೆ ಉಪ್ಪಿನ ಹರಳಿನ ಹಾಗೆ ಮಿನುಗುವ, ಉಗುರಿನಲ್ಲಿ ಕೆರೆದರೆ ಉದುರುವ ಗ್ರಾನೈಟ್ ಕಲ್ಲನ್ನಿಟ್ಟರು, ಬಲಗಡೆಯದರ ಮುಂದೆ ಹಳದಿ ಸುಣ್ಣಕಲ್ಲನ್ನು. ಎಡಗಡೆಯದು ತೆಳ್ಳಗೆ, ಹೂವಿನ ಘಮದೊಂದಿಗೆ ಕೂಡಲೇ ಮಾತಿಗಿಳಿಯುವಂಥದ್ದು. ಹುಳಿ ಗೆರೆ ಎಳೆದ ಹಾಗೆ ನೇರ. ಬಲಗಡೆಯದು ಮೊದಲಿಗೆ ಮೂಗಿಗೆ ಏನನ್ನೂ ಕೊಡಲಿಲ್ಲ. ಕಾಲು ಗಂಟೆಯ ಮೇಲೆ ಮತ್ತೆ ಎತ್ತಿಕೊಂಡಾಗ ಗಜನಿಂಬೆಯ ಸಿಪ್ಪೆ, ಮೊದಲ ಮಳೆಗೆ ನೆನೆದ ಕಲ್ಲುಚಪ್ಪಡಿಯಂಥ ವಾಸನೆ, ಬಾಯಲ್ಲಿ ಅಗಲವಾಗಿ ಹರಡಿ ಬಹಳ ಹೊತ್ತು ಉಳಿಯುವ ಹುಳಿ. “ಇದು ಹತ್ತು ವರ್ಷ ಮಲಗಬೇಕು,” ಎಂದರು ಅವರು.

ಕಲ್ಲಿನ ರುಚಿಯೇ ಬೇರಿನಿಂದ ಹತ್ತಿ ಹಣ್ಣಿಗೆ ಬರುತ್ತದೆಂದು ಕೆಲವರು ಹೇಳುವುದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಗ್ರಾನೈಟ್ ಮಣ್ಣು ನೀರು ನಿಲ್ಲಿಸಿಕೊಳ್ಳುವುದಿಲ್ಲ, ಬೇಗ ಬಿಸಿಯಾಗುತ್ತದೆ, ಹಣ್ಣು ಬೇಗ ಮಾಗುತ್ತದೆ. ಜೇಡಿ ಬೆರೆತ ಸುಣ್ಣಮಣ್ಣು ತಂಪು, ನೀರನ್ನು ಹಿಡಿದಿಡುತ್ತದೆ, ಹಣ್ಣು ನಿಧಾನ. ವ್ಯತ್ಯಾಸ ಹುಟ್ಟುವುದಕ್ಕೆ ಇಷ್ಟು ಸಾಕು. ಎರೆಭೂಮಿಯ ಜೋಳಕ್ಕೂ ಮಸಾರಿಯ ಜೋಳಕ್ಕೂ ರುಚಿ ಬೇರೆ ಎನ್ನುವ ರೈತರು ಈ ಮಾತನ್ನು ಒಪ್ಪಿಯಾರು.

ಮನೆಯಲ್ಲಿ ಹಳೆಯ ರೀಸ್ಲಿಂಗ್ ತೆರೆದಿದ್ದರೆ ಒಂದು ಹನಿಯಾದರೂ ಕೇಳಿ ನೋಡಿ. ವಯಸ್ಸಾದ ರೀಸ್ಲಿಂಗಿನಲ್ಲಿ ಸೀಮೆಎಣ್ಣೆಯ ವಾಸನೆ ಬರುತ್ತದೆ; ಬಾಟಲಿ ಕೆಟ್ಟಿದೆಯೆಂದು ಮುಖ ಸಿಂಡರಿಸಬೇಡಿ, ಅದು ಆ ತಳಿಯ ಸಹಜ ಗುಣ. ಬಿಸಿಲು ಹೆಚ್ಚಾದ ವರ್ಷಗಳ ವೈನಿನಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈ ಹೊಲ ಯಾವ ದಿಕ್ಕಿಗೆ ಮುಖ ಮಾಡಿದೆ, ನಿಮ್ಮ ಪಕ್ಕದ ಸಾಲು ಯಾರದ್ದು, ಬಳ್ಳಿಗಳ ವಯಸ್ಸೆಷ್ಟು, ನಿಮ್ಮ ತಂದೆಯವರ ಕಾಲದಲ್ಲಿ ಕೊಯ್ಲು ಯಾವ ವಾರದಲ್ಲಿ ಶುರುವಾಗುತ್ತಿತ್ತು, ಈಗ ಯಾವಾಗ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಿಸಿಯಾಗುತ್ತಿರುವ ಹವೆಯ ಇಡೀ ಕಥೆ ಹೊರಬರುತ್ತದೆ. ಒಂದು ಕಾಲಕ್ಕೆ ತೆಳು ಬಣ್ಣದ, ಯಾರೂ ಲೆಕ್ಕಕ್ಕಿಡದ ವೈನಾಗಿದ್ದ ಅಲ್ಲಿಯ ಪಿನೋ ನ್ವಾರ್ ಈಗ ಚೆನ್ನಾಗಿ ಮಾಗಿ ಗಟ್ಟಿಯಾಗುತ್ತಿದೆ. 2022ರಲ್ಲಿ ಎರಡು ಹೊಲಗಳ ಪಿನೋ ನ್ವಾರ್‌ಗೆ ಗ್ರಾಂ ಕ್ರೂ ಪದವಿಯೂ ಸಿಕ್ಕಿತು. ಅದೇ ಬಿಸಿ ಗೆವುರ್ಜ್‌ಟ್ರಾಮಿನರಿನ ಹುಳಿಯನ್ನು ಕುಗ್ಗಿಸಿ, ಮದ್ಯದ ಪ್ರಮಾಣವನ್ನು ಏರಿಸುತ್ತಿದೆ ಎಂಬ ಕಳವಳವನ್ನೂ ಕೇಳುವಿರಿ. ಬೆಲೆಯನ್ನು ಮಾತ್ರ ಕೊನೆಯಲ್ಲಿ ಕೇಳಿ.

ನೆಲಮಾಳಿಗೆ ತೋರಿಸುತ್ತೇವೆಂದರೆ ಖಂಡಿತ ಇಳಿಯಿರಿ. ಬೋರ್ಡೋದ ಸಣ್ಣ ಹೊಸ ಪೀಪಾಯಿಗಳ ಬದಲು ಇಲ್ಲಿ ಮನುಷ್ಯನೆತ್ತರ ಮೀರಿದ, ಅಂಡಾಕಾರದ ಹಳೆಯ ಓಕ್ ಪೀಪಾಯಿಗಳಿರುತ್ತವೆ. ದಶಕಗಟ್ಟಲೆ ಬಳಸಿದ್ದರಿಂದ ಒಳಗೋಡೆಗೆ ಹುಳಿಯ ಹರಳು ಕಟ್ಟಿಕೊಂಡು, ಮರದ ವಾಸನೆ ವೈನಿಗೆ ಹತ್ತುವುದೇ ಇಲ್ಲ. ಹ್ಯೂಗೆಲರ ನೆಲಮಾಳಿಗೆಯಲ್ಲಿ 1715ರ ಒಂದು ಪೀಪಾಯಿ ಇನ್ನೂ ಬಳಕೆಯಲ್ಲಿದೆ. ಅದಕ್ಕೆ ಸಾಂತ್ ಕತ್ರೀನ್ ಎಂದು ಹೆಸರು. ಕೈಯಿಂದ ತಟ್ಟಿ ನೋಡುವ ಆಸೆಯಾದರೆ ಕೇಳಿಯೇ ತಟ್ಟಿ.

ಕೊಳ್ಳುವುದು, ತರುವುದು

ಸಣ್ಣ ಮನೆಗಳಲ್ಲಿ ರುಚಿ ನೋಡುವುದಕ್ಕೆ ಹಲವೆಡೆ ಹಣ ಕೇಳುವುದಿಲ್ಲ. ಒಂದು ಗಂಟೆ ಸಮಯ ಕೊಟ್ಟವರ ಬಳಿ ಎರಡು ಬಾಟಲಿಯನ್ನಾದರೂ ಕೊಳ್ಳುವುದು ಮರ್ಯಾದೆ. ಏನನ್ನು ಕೊಳ್ಳಬೇಕೆಂಬ ಗೊಂದಲವಿದ್ದರೆ ಮೇಜಿನ ಮೇಲೆ ಹೋಲಿಸಿ ನೋಡಿದ ಆ ಎರಡು ರೀಸ್ಲಿಂಗುಗಳನ್ನೇ ತೆಗೆದುಕೊಳ್ಳಿ. ಭಾರತಕ್ಕೆ ಮರಳುವವರಿಗೆ ಸುಂಕವಿಲ್ಲದೆ ತರಲು ಅವಕಾಶವಿರುವುದು 2 ಲೀಟರ್ ಮದ್ಯಕ್ಕೆ. 750 ಮಿಲಿಲೀಟರಿನ ಎರಡು ಬಾಟಲಿ ಅದರೊಳಗೆ ಬರುತ್ತವೆ, ಮೂರನೆಯದು ಬರುವುದಿಲ್ಲ. ಆ ಕೊಳಲಿನ ಆಕಾರದ ಬಾಟಲಿಯ ಕತ್ತು ಸಾಮಾನ್ಯ ಬಾಟಲಿಯದಕ್ಕಿಂತ ಉದ್ದವಾದ್ದರಿಂದ ಮಾಮೂಲಿ ಪೆಟ್ಟಿಗೆಗಳಲ್ಲಿ ಕೂರದೆ ತೊಂದರೆ ಕೊಡುತ್ತದೆ. ಪಂಚೆಯಲ್ಲಿ ಎರಡು ಸುತ್ತು ಸುತ್ತಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಅಡ್ಡ ಮಲಗಿಸಿ ತಂದರೆ ನನಗೆ ಈವರೆಗೆ ಒಂದೂ ಒಡೆದಿಲ್ಲ.

ಊರಿಗೆ ತಂದ ಮೇಲೆ ಅಡುಗೆಮನೆಯ ಅಟ್ಟದ ಮೇಲೆ ಇಡಬೇಡಿ. ಮಂಗಳೂರಿನ ಸೆಕೆಯಲ್ಲಾಗಲಿ ಕಲಬುರಗಿಯ ಬಿಸಿಲಲ್ಲಾಗಲಿ ಹತ್ತು ವರ್ಷ ಮಲಗಬೇಕಾದ ವೈನ್ ಒಂದೇ ಬೇಸಿಗೆಗೆ ಮುದಿಯಾಗುತ್ತದೆ. ತಂಪು ಕಪಾಟು ಇಲ್ಲದವರು ಫ್ರಿಜ್ಜಿನಲ್ಲಿಟ್ಟು ಕೆಲವು ತಿಂಗಳೊಳಗೆ ಮುಗಿಸುವುದೇ ಲೇಸು. ಕುಡಿಯುವ ಹದಿನೈದು ನಿಮಿಷ ಮೊದಲು ಹೊರಗೆ ತೆಗೆದಿಡಿ, ತೀರಾ ಕೊರೆಯುವ ವೈನಿನಲ್ಲಿ ಎರಡು ಹೊಲಗಳ ಭೇದ ತಿಳಿಯುವುದಿಲ್ಲ. ಸಿಹಿ ಇಲ್ಲದ ರೀಸ್ಲಿಂಗ್ ರವೆ ಸವರಿ ಕರಿದ ಕಾಣೆ ಮೀನಿನ ಜೊತೆ ಚೆನ್ನಾಗಿ ಹೊಂದುತ್ತದೆ. ಖಾರದ ಕೋಳಿ ಸುಕ್ಕಕ್ಕೆ ಅದು ಸೋಲುತ್ತದೆ, ಅಲ್ಲಿ ತುಸು ಸಿಹಿ ಉಳಿದ ಪಿನೋ ಗ್ರಿ ಬೇಕು.

ಬಾಟಲಿಯ ತಳದಲ್ಲೋ ಬಿರಡೆಯ ಒಳಮೈಯಲ್ಲೋ ಸಣ್ಣ ಬಿಳಿ ಹರಳುಗಳು ಕಂಡರೆ ಗಾಜಿನ ಚೂರೆಂದು ಹೆದರಿ ಚೆಲ್ಲಬೇಡಿ. ಹಳೆಯ ಪೀಪಾಯಿಯ ಒಳಗೋಡೆಗೆ ಕಟ್ಟಿಕೊಳ್ಳುವ ಅದೇ ಹುಳಿಯ ಹರಳು ಅದು, ಫ್ರಿಜ್ಜಿನ ಚಳಿಗೆ ತಳಕ್ಕಿಳಿದಿರುತ್ತದೆ. ಬಾಟಲಿಯನ್ನು ಅಲ್ಲಾಡಿಸದೆ ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಚಮಚದಷ್ಟನ್ನು ಅಲ್ಲೇ ಬಿಟ್ಟುಬಿಡಿ.